ಬ್ಯಾಂಕಾಕಿನಿಂದ ಮುಂದೆ

ಸಪ್ನಾಳಿಗೆ ಮೊದಲಿನಿಂದಲೂ ವಿಮಾನವೆಂದರೆ ಭಯ. ಒಮ್ಮೆಯೂ ಹತ್ತಿದವಳಲ್ಲ. ಬೆಳಗಾವಿಗೆ ಹೋದಾಗ ಸಾಂಬ್ರಾ ವಿಮಾನ ನಿಲ್ದಾಣದಲ್ಲಿ ಇಳಿಯಲಿರುವ ವಿಮಾನವೇನಾದರೂ ತಲೆಯ ಮೇಲೆ ಬಂದರೆ, ಅದು ಮರೆಯಾಗುವ ತನಕ ರಸ್ತೆಯ ಬದಿಗೆ ನಿಂತು ನೋಡುತ್ತಿದ್ದಳು. ಹೀಗಾಗಿ ತಂಗಿ ತ್ರಿವೇಣಿ ತನಗೆ ಬ್ಯಾಂಕಾಕಿನ ಹೊಟೇಲೊಂದರಲ್ಲಿ ಕೆಲಸ ಸಿಕ್ಕಿದೆ ಎಂದಾಗ ಸಪ್ನಾ ಸಂಬಳ ಕೇಳಲಿಲ್ಲ, ಹೊಟೇಲಿನ ಹೆಸರೂ ಕೇಳಲಿಲ್ಲ. ಎಷ್ಟು ತಾಸು ಆಕಾಶದಲ್ಲಿ ಇರಬೇಕು ಎಂದು ಕೇಳಿದಳು.

“ಮುಂಬೈಯಿಂದ ನಾಕ ತಾಸು, ಸ್ವಲ್ಪ ಮ್ಯಾಲ,” ಎಂದಳು ತ್ರಿವೇಣಿ. “ಇಲ್ಲಿಂದ ಮುಂಬೈಗೆ ಹೋಗಾಕ ಬಸ್ಸಿನ್ಯಾಗ ಇಡೀ ರಾತ್ರಿ ಬೇಕು. ಅದಕ್ಕ ಅಂಜೂದಿಲ್ಲ, ಇದಕ್ಕ ಯಾಕ ಅಂಜ್ತಿ?”

ಅಕ್ಕತಂಗಿಯರ ನಡುವೆ ಒಂಬತ್ತು ವರ್ಷಗಳ ಅಂತರ. ತಾಯಿ ತೀರಿಕೊಂಡಾಗ ತ್ರಿವೇಣಿ ಇನ್ನೂ ಪ್ರಾಥಮಿಕ ಶಾಲೆಯಲ್ಲಿದ್ದಳು. ಅಪ್ಪ ಭರಮಣ್ಣ ಕುರಿ ಮಂದೆಯ ಹಿಂದೆ ಊರೂರು ತಿರುಗುವವನು, ವರ್ಷದ ಅರ್ಧಕ್ಕರ್ಧ ದಿನ ಮನೆಯಲ್ಲಿ ಇರುತ್ತಿರಲಿಲ್ಲ. ಸಪ್ನಾ ಮದುವೆಯಾಗಿ ಖಾನಾಪುರಕ್ಕೆ ಬಂದಾಗ ತಂಗಿಯನ್ನೂ ಕರೆದುಕೊಂಡೇ ಬಂದಳು. ಗಂಡ ಶಿವಲಿಂಗ ಅದಕ್ಕೆ ಒಂದು ಮಾತೂ ಆಡಲಿಲ್ಲ. ಅವನು ಬೆಳಗಾವಿಯ ಉದ್ಯಮಬಾಗದಲ್ಲಿ ಕಬ್ಬಿಣ ಎರಕ ಹೊಯ್ಯುವ ಫೌಂಡ್ರಿಯೊಂದರಲ್ಲಿ ಕೆಲಸಕ್ಕಿದ್ದ. ದಿನಾ ಬೈಕಿನಲ್ಲಿ ಹೋಗಿ ಬರುತ್ತಿದ್ದ. ಸಪ್ನಾ ಖಾನಾಪುರದಲ್ಲೇ ಹಂಚಿನ ಕಾರ್ಖಾನೆಯ ಆಫೀಸಿನಲ್ಲಿ ಕಂಪ್ಯೂಟರ್ ಮುಂದೆ ಕೂರುತ್ತಿದ್ದಳು.

ತಂಗಿಯನ್ನು ಬೆಳೆಸುವಾಗ ಸಪ್ನಾ ಪಟ್ಟ ಭಯಗಳು ಮನೆಯಲ್ಲಿ ನಗೆಯ ಮಾತಾಗಿದ್ದವು. ಕಾಲೇಜಿನ ಬಸ್ಸು ತಡವಾದರೆ ಇವಳು ಬಸ್ ಸ್ಟ್ಯಾಂಡಿನಲ್ಲಿ ನಿಂತಿರುತ್ತಿದ್ದಳು. ಒಮ್ಮೆ ತ್ರಿವೇಣಿಯ ಫೋನು ಹತ್ತಲಿಲ್ಲವೆಂದು ಶಿವಲಿಂಗನನ್ನು ಕೆಲಸದಿಂದ ಎಬ್ಬಿಸಿ ಅವಳ ಗೆಳತಿಯರ ಹಾಸ್ಟೆಲಿಗೆ ಓಡಿಸಿದ್ದಳು. ಅಲ್ಲಿ ತ್ರಿವೇಣಿ ಗೆಳತಿಯರ ಜೊತೆ ಕೂತು ಅವಲಕ್ಕಿ ತಿನ್ನುತ್ತಿದ್ದಳು, ಫೋನು ಚಾರ್ಜಿಗಿತ್ತು. ಅಂದಿನಿಂದ ಸಪ್ನಾ ಏನಾದರೂ ಅನುಮಾನ ಪಟ್ಟರೆ ಶಿವಲಿಂಗ, “ಫೋನ್ ಚಾರ್ಜಿಗೆ ಇರಬೇಕು ಬಿಡು,” ಎಂದು ನಗುತ್ತಿದ್ದ. ಸಪ್ನಾಳೂ ನಗುತ್ತಿದ್ದಳು. ತನ್ನ ಭಯವನ್ನು ತಾನೇ ನಂಬಬಾರದು ಎಂಬ ಅಭ್ಯಾಸ ಅವಳಿಗೆ ಹಾಗೆ ಬಂತು.

ತ್ರಿವೇಣಿ ಅಕ್ಕನಂತಲ್ಲ. ಬೆಳಗಾವಿಯ ಒಂದು ಹೊಟೇಲಿನ ಸ್ವಾಗತ ಕೌಂಟರಿನಲ್ಲಿ ನಾಲ್ಕು ವರ್ಷ ನಿಂತು, ಕನ್ನಡ, ಮರಾಠಿ, ಹಿಂದಿ, ಇಂಗ್ಲಿಷ್ ನಾಲ್ಕನ್ನೂ ನೀರು ಕುಡಿದಷ್ಟು ಸಲೀಸಾಗಿ ಮಾತಾಡುತ್ತಿದ್ದಳು. ಆ ಹೊಟೇಲಿಗೆ ಬಂದು ಹೋಗುತ್ತಿದ್ದ ಆಶಿಶ್ ಎಂಬ, ಬೆಳಗಾವಿಯದೇ ಶಹಾಪುರ ಬಡಾವಣೆಯ ಹುಡುಗ ಈ ಕೆಲಸದ ಸುದ್ದಿ ತಂದಿದ್ದ. ಬ್ಯಾಂಕಾಕಿಗೆ ಭಾರತದಿಂದ ಬರುವ ಪ್ರವಾಸಿಗರು ಹೆಚ್ಚಾಗಿದ್ದಾರೆ, ಹಿಂದಿ ಇಂಗ್ಲಿಷ್ ಬರುವ ಹುಡುಗಿಯರು ಬೇಕಂತೆ, ಹೊಟೇಲು ವಿಮಾನ ನಿಲ್ದಾಣದಿಂದ ಅರ್ಧ ತಾಸಿನ ದಾರಿಯಂತೆ. ತನ್ನ ಸೋದರಮಾವನ ಮಗಳು ಮುಕ್ತಾಳನ್ನೂ ಅದೇ ಕೆಲಸಕ್ಕೆ ಕಳಿಸುತ್ತಿದ್ದೇನೆ ಎಂದು ಅವನು ಹೇಳಿದ ಮೇಲೆ ಶಿವಲಿಂಗನಿಗೂ ಧೈರ್ಯ ಬಂತು. ಸ್ವಂತ ಮನೆಯ ಹುಡುಗಿಯನ್ನು ಯಾರಾದರೂ ಕೆಟ್ಟ ಜಾಗಕ್ಕೆ ಕಳಿಸುತ್ತಾರೆಯೇ?

ಸಪ್ನಾ ಒಂದೇ ಒಂದು ಷರತ್ತು ಹಾಕಿದಳು. ತ್ರಿವೇಣಿಯ ಫೋನು ಎಲ್ಲಿದೆ ಎಂಬುದು ತನ್ನ ಫೋನಿನ ನಕ್ಷೆಯಲ್ಲಿ ಕಾಣುತ್ತಿರಬೇಕು. ತ್ರಿವೇಣಿ ನಗುತ್ತಲೇ ಅದನ್ನು ಮಾಡಿಕೊಟ್ಟಳು.

ಮೇ ತಿಂಗಳ ಒಂದು ಬೆಳಗ್ಗೆ ವಿಮಾನ ಮುಂಬೈಯಿಂದ ಎದ್ದಿತು. ಸಪ್ನಾ ರಜೆ ಹಾಕಿ ಮನೆಯಲ್ಲಿ ಕೂತಿದ್ದಳು. ಆಕಾಶದಲ್ಲಿರುವ ವಿಮಾನಗಳನ್ನು ತೋರಿಸುವ ಆ್ಯಪ್ ಒಂದನ್ನು ಫೋನಿಗೆ ಹಾಕಿಕೊಂಡು, ಹಳದಿ ಬಣ್ಣದ ಸಣ್ಣ ವಿಮಾನ ದೇಶವನ್ನು ಅಡ್ಡಲಾಗಿ ದಾಟುವುದನ್ನು ನೋಡಿದಳು. ಅದು ನೆಲ ಬಿಟ್ಟು ಬಂಗಾಳ ಕೊಲ್ಲಿಯ ನೀಲಿಯ ಮೇಲೆ ಬಂದಾಗ ಅವಳು ಫೋನನ್ನು ಬೋರಲು ಇಟ್ಟಳು. ಕೆಳಗೆ ನೀರು ಬಿಟ್ಟರೆ ಬೇರೇನೂ ಇಲ್ಲ. ಅಕ್ಕಿ ಆರಿಸಲು ಕೂತಳು, ಎದ್ದಳು, ದೇವರ ಮುಂದಿನ ದೀಪಕ್ಕೆ ಎಣ್ಣೆ ಹಾಕಿದಳು. ಮತ್ತೆ ಬಂದು ನೋಡುವಷ್ಟರಲ್ಲಿ ವಿಮಾನ ಸಮುದ್ರ ದಾಟಿ ಮ್ಯಾನ್ಮಾರಿನ ಹಸಿರು ಗುಡ್ಡಗಳ ಮೇಲಿತ್ತು. ಆ ಗುಡ್ಡಗಳನ್ನು ಅದು ನೋಡನೋಡುತ್ತಿದ್ದಂತೆ ದಾಟಿಬಿಟ್ಟಿತು. ಮಧ್ಯಾಹ್ನಕ್ಕೆ ಮೊದಲೇ ಬ್ಯಾಂಕಾಕಿನಲ್ಲಿ ಇಳಿಯಿತು.

ತ್ರಿವೇಣಿ ಅಲ್ಲಿನ ಸಿಮ್ ಹಾಕಿಕೊಂಡು ಫೋನು ಮಾಡಿದಳು. ವಿಮಾನ ಏಳುವಾಗ ಮುಕ್ತಾ ಕಣ್ಣು ಮುಚ್ಚಿಕೊಂಡು ಕೂತಿದ್ದಳಂತೆ, ತಾನು ಮಾತ್ರ ಕಿಟಕಿ ಬಿಟ್ಟು ಅಲ್ಲಾಡಲಿಲ್ಲವಂತೆ. ಕರೆದುಕೊಂಡು ಹೋಗಲು ಕಾರು ಬಂದಿದೆ, ಹಿಂದಿ ಬಲ್ಲ ಒಬ್ಬ ಗಂಡಸು ಬಂದಿದ್ದಾನೆ, ಹೊಟೇಲು ಮುಟ್ಟಿದ ಮೇಲೆ ಮಾತಾಡುತ್ತೇನೆ ಎಂದಳು. ಸಪ್ನಾ ಫೋನಿಟ್ಟು ಗೋಡೆಗೆ ಒರಗಿ ಕೂತಳು. ಬೆಳಗಿನಿಂದ ಏನೂ ತಿಂದಿಲ್ಲವೆಂದು ಆಗ ನೆನಪಾಯಿತು. ಚಹಾ ಮಾಡಿಕೊಂಡು, ನಿನ್ನೆಯ ರೊಟ್ಟಿಯನ್ನು ಅದರಲ್ಲಿ ಅದ್ದಿ ತಿಂದಳು.

ಊಟದ ಪಾತ್ರೆ ತೊಳೆದು ಬಂದು ನಕ್ಷೆ ನೋಡಿದಾಗ ತಂಗಿಯ ನೀಲಿ ಚುಕ್ಕೆ ಇನ್ನೂ ಓಡುತ್ತಿತ್ತು. ಅರ್ಧ ತಾಸು ಯಾವಾಗಲೋ ಕಳೆದಿತ್ತು. ವಾಹನಗಳ ಗದ್ದಲವಿರಬೇಕು ಎಂದುಕೊಂಡಳು. ಮತ್ತೆ ನೋಡಿದಾಗ ಚುಕ್ಕೆ ಬ್ಯಾಂಕಾಕನ್ನೇ ಬಿಟ್ಟು ಉತ್ತರಕ್ಕೆ ಹೊರಟಿತ್ತು. ಅಕ್ಕಪಕ್ಕದಲ್ಲಿ ಊರುಗಳಿರಲಿಲ್ಲ, ನೆಟ್ಟಗಿನ ದೊಡ್ಡ ರಸ್ತೆ ಇತ್ತು.

ಎಲ್ಲಿದ್ದಿ ಎಂದು ಸಂದೇಶ ಕಳಿಸಿದಳು. ಮೊದಲು ತರಬೇತಿಯಂತೆ, ಅದು ಬೇರೆ ಊರಿನಲ್ಲಂತೆ ಎಂದು ತ್ರಿವೇಣಿ ಉತ್ತರ ಬರೆದಳು. ಯಾವ ಊರು ಎಂದು ಕೇಳಿದ್ದಕ್ಕೆ, ಗೊತ್ತಿಲ್ಲ, ಕೇಳಿದರೆ ಹತ್ತಿರ ಎನ್ನುತ್ತಾನೆ ಎಂದಳು.

ಸಪ್ನಾ ನಕ್ಷೆಯನ್ನು ಬೆರಳಿನಿಂದ ಮುಂದಕ್ಕೆ ಸರಿಸುತ್ತ ಹೋದಳು. ಆ ರಸ್ತೆ ಬಹಳ ದೂರ ಬಯಲಿನಲ್ಲಿ ಹೋಗಿ, ಟಾಕ್ ಎಂಬ ಊರಿನಲ್ಲಿ ಎಡಕ್ಕೆ ಹೊರಳಿ, ಗುಡ್ಡ ಹತ್ತಿ ಇಳಿದು, ಒಂದು ನದಿಯ ದಂಡೆಗೆ ಮುಟ್ಟುತ್ತಿತ್ತು. ನದಿಯ ಮೇಲೆ ದೇಶದ ಗಡಿಯ ಗೆರೆ. ಆಚೆ ದಂಡೆ ಮ್ಯಾನ್ಮಾರ್. ಬೆಳಗ್ಗೆ ವಿಮಾನ ಚಣದಲ್ಲಿ ದಾಟಿ ಬಂದಿದ್ದ ಅದೇ ಹಸಿರು ಗುಡ್ಡಗಳ ಕಡೆಗೆ ಕಾರು ನೆಲದ ಮೇಲೆ ವಾಪಸು ಹೊರಟಂತಿತ್ತು.

ಆ ನದಿಯ ಹೆಸರನ್ನು ಅವಳು ಟಿವಿಯಲ್ಲಿ ಕೇಳಿದ್ದಳು. ಕೆಲಸವೆಂದು ಕರೆದೊಯ್ದು, ನದಿ ದಾಟಿಸಿ, ಎತ್ತರದ ಗೋಡೆಗಳ ಒಳಗೆ ಕೂಡಿಹಾಕಿ, ಫೋನಿನಲ್ಲಿ ಮಂದಿಯನ್ನು ಮೋಸಗೊಳಿಸುವ ಕೆಲಸಕ್ಕೆ ಹಚ್ಚುತ್ತಾರೆ, ಒಲ್ಲೆನೆಂದರೆ ಹೊಡೆಯುತ್ತಾರೆ ಎಂದು ತಪ್ಪಿಸಿಕೊಂಡು ಬಂದ ಹುಡುಗನೊಬ್ಬ ಮುಖ ಮುಚ್ಚಿಕೊಂಡು ಹೇಳಿದ್ದ. ಅವನ ಬೆನ್ನಿನ ಗುರುತುಗಳನ್ನು ತೋರಿಸಿದಾಗ ಅವಳು ಟಿವಿ ಆರಿಸಿದ್ದಳು.

ಆದರೂ ಅವಳು ಕೂಡಲೇ ಏನೂ ಮಾಡಲಿಲ್ಲ. ಇದು ನನ್ನ ಹಳೆಯ ರೋಗವೇ ಇರಬೇಕು, ತಂಗಿ ಎಲ್ಲೋ ಕೂತು ಅವಲಕ್ಕಿ ತಿನ್ನುತ್ತಿರಬೇಕು ಎಂದು ತನಗೆ ತಾನೇ ಹೇಳಿಕೊಂಡಳು. ಬಟ್ಟೆ ಮಡಚಿದಳು. ಮಡಚಿದ ಬಟ್ಟೆಯನ್ನು ಬಿಚ್ಚಿ ಮತ್ತೆ ಮಡಚಿದಳು. ಚುಕ್ಕೆ ನಿಲ್ಲದೆ ಓಡುತ್ತಿತ್ತು. ಕೊನೆಗೆ ಶಿವಲಿಂಗನಿಗೆ ಫೋನು ಮಾಡಿದಳು. ಹಿಂದೆ ಯಂತ್ರಗಳ ಸಪ್ಪಳ. ತರಬೇತಿ ಅಂದಿದ್ದಾರಲ್ಲ, ಎಲ್ಲದಕ್ಕೂ ಹೀಗೆ ಮಾಡಬೇಡ, ಸಂಜೆ ಬಂದು ನೋಡುತ್ತೇನೆ ಎಂದು ಅವನು ಇಟ್ಟುಬಿಟ್ಟ. ಆಶಿಶ್‌ಗೆ ಮಾಡಿದಳು. ಅವನು ಎತ್ತಲಿಲ್ಲ. ಮತ್ತೆ ಮಾಡಿದರೂ ಎತ್ತಲಿಲ್ಲ.

ಆಗ ಅವಳು ಚಪ್ಪಲಿ ಮೆಟ್ಟಿ, ಬಾಗಿಲಿಗೆ ಬೀಗ ಹಾಕಿ, ಬೆಳಗಾವಿಯ ಬಸ್ಸು ಹತ್ತಿದಳು.

ಬಸ್ಸು ಪ್ರತಿ ನಿಲ್ದಾಣದಲ್ಲೂ ನಿಲ್ಲುತ್ತ ಹೋಯಿತು. ಮಾವಿನ ಹಣ್ಣಿನ ಬುಟ್ಟಿಗಳು ಏರಿದವು, ಇಳಿದವು. ಸಪ್ನಾ ಕಿಟಕಿಯ ಕಡೆ ಒಮ್ಮೆಯೂ ನೋಡಲಿಲ್ಲ. ಇವಳು ದೇಸೂರು ದಾಟುವಷ್ಟರಲ್ಲಿ ಅಲ್ಲಿ ತಂಗಿ ಇದರ ಎರಡು ಪಟ್ಟು ದೂರ ಹೋಗಿದ್ದಳು. ಇಲ್ಲಿ ಬಸ್ಸು ನಿಂತಾಗಲೆಲ್ಲ, ಅಲ್ಲಿ ಕಾರು ನಿಲ್ಲದಿರುವುದನ್ನು ಕಂಡು ಮುಂದಿನ ಸೀಟಿನ ಸರಳನ್ನು ಬಿಗಿಯಾಗಿ ಹಿಡಿಯುತ್ತಿದ್ದಳು. ಪಕ್ಕದ ಹೆಂಗಸು, ಯಾಕವ್ವ, ಮೈಯಾಗ ಹುಷಾರಿಲ್ಲೇನ ಎಂದು ಕೇಳಿದಳು. ಸಪ್ನಾ ತಲೆಯಲ್ಲಾಡಿಸಿದಳು, ಹೌದೆಂದೋ ಅಲ್ಲವೆಂದೋ ಅವಳಿಗೇ ತಿಳಿಯಲಿಲ್ಲ.

ಆಶಿಶ್‌ನ ಮನೆ ಶಹಾಪುರದ ಓಣಿಯೊಂದರಲ್ಲಿತ್ತು. ಮುಂದಿನ ಕೋಣೆಯಲ್ಲಿ ಎರಡು ಪವರ್‌ಲೂಮುಗಳು ಬಡಿದುಕೊಳ್ಳುತ್ತಿದ್ದವು. ಅವನ ತಾಯಿ ಕಾಶೀಬಾಯಿ ನೂಲು ಸುತ್ತುತ್ತ ಕೂತಿದ್ದಳು. ಆಶಿಶ್ ಒಳಗಿನಿಂದ ಬನಿಯನ್ನಿನಲ್ಲೇ ಬಂದ, ಮಲಗಿ ಎದ್ದ ಕಣ್ಣು. ಸಪ್ನಾಳನ್ನು ಕಂಡು ನಕ್ಕು, ಬರ್ರಿ, ಕುಂದರ್ರಿ ಎಂದ. ಅವಳು ಕೂರಲಿಲ್ಲ. ಹೊಟೇಲು ಎಲ್ಲಿದೆ ಎಂದು ಕೇಳಿದಳು. ಮಗ್ಗದ ಸದ್ದಿಗೆ ಎರಡು ಸಲ ಕೇಳಬೇಕಾಯಿತು. ವಿಮಾನ ನಿಲ್ದಾಣದಿಂದ ಅರ್ಧ ತಾಸು, ಹೇಳಿದ್ದೆನಲ್ಲ ಎಂದ ಅವನು.

ಸಪ್ನಾ ಫೋನನ್ನು ಅವನ ಮುಖದ ಮುಂದೆ ಹಿಡಿದಳು. ಅವನು ನೋಡಿದ. ಬೆರಳಿನಿಂದ ನಕ್ಷೆಯನ್ನು ಸಣ್ಣದು ಮಾಡಿ, ದೊಡ್ಡದು ಮಾಡಿ ನೋಡಿದ. ಅವನ ಮುಖದಿಂದ ನಿದ್ದೆ ಹೋಯಿತು, ನಗು ಹೋಯಿತು. ಅವನಿಗೆ ಗೊತ್ತಿರಲಿಲ್ಲ ಎಂಬುದು ಸಪ್ನಾಳಿಗೆ ಅಲ್ಲೇ ತಿಳಿಯಿತು. ಅದರಿಂದ ಸಮಾಧಾನವಾಗುವ ಬದಲು ಅವಳ ಭಯ ಹೆಚ್ಚಿತು. ಅಲ್ಲಿಯ ತನಕ ಎಲ್ಲೋ ಒಂದು ಕಡೆ, ಇವನು ಹೇಳುವ ಯಾವುದಾದರೂ ಸಾದಾ ಕಾರಣ ಇದ್ದೀತು ಎಂಬ ಆಸೆ ಉಳಿದಿತ್ತು.

ಅವನು ತನಗೆ ಈ ಕೆಲಸದ ಸುದ್ದಿ ಕೊಟ್ಟಿದ್ದ ಮುಂಬೈಯ ಮನುಷ್ಯನಿಗೆ ಫೋನು ಹಚ್ಚಿದ. ಬಂದ್ ಆಗಿತ್ತು. ಮುಕ್ತಾಳಿಗೆ ಹಚ್ಚಿದ. ಅದೂ ಬಂದ್.

ಕಾಶೀಬಾಯಿ ಎದ್ದು ಹೋಗಿ ಮಗ್ಗಗಳ ಗುಂಡಿ ಒತ್ತಿ ನಿಲ್ಲಿಸಿದಳು. ಮನೆ ಒಮ್ಮೆಗೇ ಮೌನವಾಯಿತು. ಏನಾಯಿತು ಎಂದು ಮಗನನ್ನು ಮರಾಠಿಯಲ್ಲಿ ಕೇಳಿದಳು. ಅವನು ತಡವರಿಸಿ ಏನೋ ಹೇಳಿದ. ಅವಳು ಸಪ್ನಾಳ ಕಡೆ ತಿರುಗಿದಳು.

“ನಮ್ಮ ಮುಕ್ತಾ ಅದ ಗಾಡ್ಯಾಗ ಇದ್ದಾಳೇನ?”

ಹೌದೆಂದಳು ಸಪ್ನಾ.

“ನಮ್ಮಣ್ಣಗ ನಾ ಮಾತ ಕೊಟ್ಟ ಕಳಸೀನಿ,” ಎಂದಳು ಕಾಶೀಬಾಯಿ. ಮಗನ ಕಡೆ ಅವಳು ನೋಡಿದ ನೋಟಕ್ಕೆ ಆಶಿಶ್ ಗೋಡೆಗೆ ಸರಿದ.

ಸಪ್ನಾ ತಂಗಿಗೆ ಫೋನು ಹಚ್ಚಿದಳು. ಹಚ್ಚುವ ಮೊದಲು ಬಾಯಿ ಒರೆಸಿಕೊಂಡಳು, ಗಂಟಲು ಸರಿ ಮಾಡಿಕೊಂಡಳು. ಜೀವನದಲ್ಲಿ ಯಾವತ್ತೂ ಅಡಗಿಸಿಡಲು ಬಾರದ ಭಯವನ್ನು ಈಗ ದನಿಯಿಂದ ತೆಗೆಯಬೇಕಿತ್ತು. ತ್ರಿವೇಣಿ ಎತ್ತಿದಳು.

“ತ್ರಿವೇಣಿ, ನಕ್ಕೋತ ಮಾತಾಡು. ಮಾರಿ ಮ್ಯಾಲ ಏನೂ ತೋರಸಬ್ಯಾಡ. ಗಾಡ್ಯಾಗ ಕನ್ನಡ ಯಾರಿಗೆ ತಿಳಿತೈತಿ?”

“ಮುಕ್ತಾಗ ಅಷ್ಟ. ಆಕಿ ಮಕ್ಕೊಂಡಾಳ.”

“ನೀವು ಹೊಂಟಿದ್ದು ಹೊಟೇಲಿಗಲ್ಲ. ಗಡಿಗೆ. ನದಿ ದಾಟಿಸಿದ್ರಂದ್ರ ಅಲ್ಲಿಂದ ತಿರುಗಿ ಬರಾಕ ಬಿಡೂದಿಲ್ಲ. ಟಿವ್ಯಾಗ ನೋಡಿದ್ವಿ, ನೆನಪೈತಿಲ್ಲ?”

ಆಚೆ ಕಡೆ ಕಾರಿನ ಗಾಳಿಯ ಸದ್ದು ಮಾತ್ರ ಕೇಳಿತು. ಆಮೇಲೆ ತ್ರಿವೇಣಿ ನಕ್ಕಳು. ಹೊಟೇಲಿನ ಕೌಂಟರಿನಲ್ಲಿ ನಿಂತು ಗಿರಾಕಿಗಳಿಗೆ ನಗುವ ನಗು ಅದು. ಸಪ್ನಾಳಿಗೆ ಅದರ ಗುರುತಿತ್ತು.

“ಹೌದೇನ?” ಎಂದಳು ತ್ರಿವೇಣಿ, ಮನೆಯ ಸುದ್ದಿ ಮಾತಾಡುವವಳಂತೆ. “ಅಪ್ಪಗ ಹೇಳು, ಈಗ ಕುರಿ ಕೊಡಬ್ಯಾಡ ಅಂತ. ನಾ ಬಂದ ಮ್ಯಾಲ ನೋಡೂಣು.”

“ಪೆಟ್ರೋಲ್ ಬಂಕ್ ಬಂದ್ರ, ಚಹಾದ ಅಂಗಡಿ ಬಂದ್ರ, ಹೊಟ್ಟಿ ಕೆಟ್ಟೈತಿ ಅಂತ ಇಳಿ. ಮಂದಿ ಇದ್ದಲ್ಲಿ ಹೋಗಿ ನಿಂದ್ರು. ಅವರು ಕರದ್ರ ಬರಬ್ಯಾಡ, ಚೀರು. ಮುಕ್ತಾನ್ನೂ ಇಳಸು.”

“ಆತು.” ಮತ್ತೆ ಆ ನಗು. ಆಮೇಲೆ ದನಿ ಒಮ್ಮೆ ಮಾತ್ರ ಕುಸಿಯಿತು. “ಅಕ್ಕಾ, ಬಾಗಿಲಾ ಒಳಗಿಂದ ತಗ್ಯಾಕ ಬರವಲ್ದು.”

ಗಂಡಸಿನ ದನಿಯೊಂದು ಹಿಂದಿಯಲ್ಲಿ ಏನೋ ಕೇಳಿತು. ಮನೆಯಿಂದ ಫೋನು, ಅಕ್ಕ ಎಂದು ತ್ರಿವೇಣಿ ಹೇಳುವುದು ಕೇಳಿಸಿತು. ಫೋನು ನಿಂತಿತು. ಮತ್ತೆ ಹಚ್ಚಿದರೆ ಅವಳು ಎತ್ತಲಿಲ್ಲ.

ಕಾಶೀಬಾಯಿ ತಲೆಗೆ ಸೆರಗು ಹೊದ್ದುಕೊಂಡು ಮಗನ ಅಂಗಿಯನ್ನು ಅವನ ಕೈಗೆ ಕೊಟ್ಟಳು. ಮೂವರೂ ರಿಕ್ಷಾ ಹಿಡಿದು ಪೊಲೀಸ್ ಠಾಣೆಗೆ ಹೋದರು. ಅಲ್ಲಿ ಕರ್ತವ್ಯದಲ್ಲಿದ್ದ ಸಬ್‌ಇನ್‌ಸ್ಪೆಕ್ಟರ್ ಕಾಂತಾ ಎಂಬ ಹೆಂಗಸು. ಅವಳು ಮೊದಲು ಆಶಿಶ್‌ನನ್ನು ಬೇರೆ ಕಡೆ ಕೂರಿಸಲು ಹೇಳಿದಳು, ಆಮೇಲೆ ಸಪ್ನಾಳ ಫೋನು ತೆಗೆದುಕೊಂಡು ನಕ್ಷೆ ನೋಡಿದಳು. ಇಂಥದ್ದು ಹಿಂದೆ ಒಮ್ಮೆ ಕಂಡಿದ್ದಳೋ ಏನೋ, ಹೆಚ್ಚು ಪ್ರಶ್ನೆ ಕೇಳಲಿಲ್ಲ. ಬ್ಯಾಂಕಾಕಿನ ಭಾರತೀಯ ರಾಯಭಾರ ಕಚೇರಿಯ ತುರ್ತು ಸಂಖ್ಯೆ ಹುಡುಕಿ ತಾನೇ ಮಾತಾಡಿದಳು. ಕಾರು ಹೋಗುತ್ತಿರುವ ರಸ್ತೆ, ದಿಕ್ಕು, ಹುಡುಗಿಯರ ಹೆಸರು ಹೇಳಿದಳು. ಅವರು ಅಲ್ಲಿನ ಪೊಲೀಸರಿಗೆ ತಿಳಿಸುತ್ತಾರಂತೆ ಎಂದಳು. ಎಷ್ಟು ಹೊತ್ತು ಹಿಡಿಯುತ್ತದೆ ಎಂದು ಸಪ್ನಾ ಕೇಳಿದ್ದಕ್ಕೆ ಕಾಂತಾ ಸುಳ್ಳು ಹೇಳಲಿಲ್ಲ. ತನಗೆ ಗೊತ್ತಿಲ್ಲ ಎಂದಳು.

ಸಂಜೆ ಬಿಸಿಲು ಠಾಣೆಯ ಅಂಗಳದಲ್ಲಿ ಹಳದಿಯಾಗುತ್ತಿತ್ತು. ಅಲ್ಲಿ ಆಗಲೇ ಕತ್ತಲಾಗಿರಬೇಕು. ಚುಕ್ಕೆ ಟಾಕ್ ಊರಿನ ಹತ್ತಿರ ನಿಂತಿತು.

ಸಪ್ನಾ ಅದನ್ನು ದೊಡ್ಡದು ಮಾಡಿ ನೋಡಿದಳು. ಪೆಟ್ರೋಲ್ ಬಂಕಿನ ಗುರುತು, ಪಕ್ಕದಲ್ಲಿ ಒಂದು ಅಂಗಡಿಯ ಗುರುತು. ಇಳಿ, ತಾಯಿ, ಇಳಿ ಎಂದು ತುಟಿಯೊಳಗೇ ಅಂದಳು. ಕಾಶೀಬಾಯಿ ಪಕ್ಕದಲ್ಲಿ ಕೂತು ಅದೇ ಪರದೆಯನ್ನು ನೋಡುತ್ತಿದ್ದಳು; ಅವಳಿಗೆ ನಕ್ಷೆ ಓದಲು ಬರುತ್ತಿರಲಿಲ್ಲ, ಚುಕ್ಕೆ ನಿಂತಿದೆ ಎಂಬುದಷ್ಟು ತಿಳಿಯುತ್ತಿತ್ತು. ನಿಂತರೆ ಒಳ್ಳೆಯದೋ ಕೆಟ್ಟದ್ದೋ ಎಂದು ಕೇಳಿದಳು. ಒಳ್ಳೆಯದು ಎಂದಳು ಸಪ್ನಾ. ಚುಕ್ಕೆ ಬಹಳ ಹೊತ್ತು ನಿಂತೇ ಇತ್ತು. ಅಷ್ಟರಲ್ಲಿ, ಸಪ್ನಾ ಠಾಣೆಯಿಂದ ಕಳಿಸಿದ ಸಂದೇಶ ನೋಡಿ, ಶಿವಲಿಂಗ ಫೌಂಡ್ರಿಯ ಮಸಿ ಹತ್ತಿದ ಬಟ್ಟೆಯಲ್ಲೇ ಓಡಿ ಬಂದ. ಸಪ್ನಾಳ ಮುಂದೆ ನಿಂತ, ಏನೋ ಹೇಳಲು ಹೋದ. ಅವಳು ಕೈ ಎತ್ತಿ ಸುಮ್ಮನಿರು ಎಂದು ಸನ್ನೆ ಮಾಡಿದಳು, ಪರದೆಯಿಂದ ಕಣ್ಣು ತೆಗೆಯದೆ.

ಚುಕ್ಕೆ ಅಲುಗಿತು. ಎಡಕ್ಕೆ ಹೊರಳಿತು. ಗುಡ್ಡದ ರಸ್ತೆ ಹಿಡಿಯಿತು.

ಸಪ್ನಾಳ ಬಾಯಿಯಿಂದ ಒಂದು ಸದ್ದು ಹೊರಟಿತು, ಅಳುವಲ್ಲ, ಕರೆಯುವುದೂ ಅಲ್ಲ. ಕಾಂತಾ ಮತ್ತೆ ಫೋನು ಹಚ್ಚಿ ಜೋರಾಗಿ ಮಾತಾಡಿದಳು. ಗುಡ್ಡದ ರಸ್ತೆಯಲ್ಲಿ ತಪಾಸಣಾ ಚೌಕಿಗಳಿವೆ, ಅಲ್ಲಿ ತಡೆಯಬಹುದು ಎಂದು ರಾಯಭಾರ ಕಚೇರಿಯವರು ಹೇಳಿದರಂತೆ. ಚುಕ್ಕೆ ತಿರುವುಗಳಲ್ಲಿ ತಿರುಗುತ್ತ, ಏರುತ್ತ, ಇಳಿಯುತ್ತ ಹೋಯಿತು. ಒಂದು ಕಡೆ ಸ್ವಲ್ಪ ನಿಧಾನವಾದಾಗ ಎಲ್ಲರೂ ಪರದೆಯ ಹತ್ತಿರ ಬಾಗಿದರು. ಅದು ಮತ್ತೆ ಓಡಿತು. ಆಮೇಲೆ ದೊಡ್ಡ ರಸ್ತೆಯನ್ನೇ ಬಿಟ್ಟು ಹೊಲಗಳ ನಡುವಿನ ಒಂದು ಎಳೆಯಂಥ ದಾರಿಗೆ ಇಳಿಯಿತು. ಆ ದಾರಿ ನದಿಯಲ್ಲಿ ಮುಗಿಯುತ್ತಿತ್ತು. ಸೇತುವೆ ಇರಲಿಲ್ಲ.

ಚುಕ್ಕೆ ದಂಡೆಯ ಮೇಲೆ ನಿಂತಿತು. ಕಾಶೀಬಾಯಿ, ನಿಂತತಿ, ನಿಂತತಿ ನೋಡು ಎಂದು ಸಪ್ನಾಳ ಮೊಣಕೈ ಹಿಡಿದಳು. ಈ ಸಲ ಸಪ್ನಾ ಒಳ್ಳೆಯದು ಎನ್ನಲಿಲ್ಲ. ಚುಕ್ಕೆ ಮೆಲ್ಲಗೆ, ದೋಣಿಯ ಗತಿಯಲ್ಲಿ, ನದಿಯ ನೀಲಿ ಗೆರೆಯ ಮೇಲೆ ಬಂತು. ಗಡಿಯ ಗೆರೆ ದಾಟಿತು. ಆಚೆ ದಂಡೆಗೆ ಹತ್ತಿತು. ಒಂದಿಷ್ಟು ಹೊತ್ತು ಅಲ್ಲಿ ಮಿಣುಕಿ, ಬೂದಿ ಬಣ್ಣಕ್ಕೆ ತಿರುಗಿ, ಇಲ್ಲವಾಯಿತು.

ಶಿವಲಿಂಗ ಬಾಗಿಲ ಚೌಕಟ್ಟಿಗೆ ಹಣೆ ಹಚ್ಚಿ ನಿಂತ. ಸಪ್ನಾ ಖಾಲಿ ನಕ್ಷೆಯನ್ನು ನೋಡುತ್ತ ಕೂತಿದ್ದಳು. ಮಧ್ಯಾಹ್ನ ತಾನು ಬಟ್ಟೆ ಮಡಚುತ್ತಿದ್ದದ್ದು ಅವಳಿಗೆ ನೆನಪಾಗುತ್ತಿತ್ತು. ಆ ಹೊತ್ತಿನಲ್ಲಿ ಕಾರು ಇನ್ನೂ ಬ್ಯಾಂಕಾಕಿನ ಹತ್ತಿರವೇ ಇತ್ತು, ಆಗಲೇ ಪೊಲೀಸರಿಗೆ ಹೇಳಬಹುದಿತ್ತು. ಅಪ್ಪನಿಗೆ ಏನು ಹೇಳುವುದು? ಅವನು ಯಾವ ಊರಿನ ಹೊಲದಲ್ಲಿ ಮಂದೆ ನಿಲ್ಲಿಸಿದ್ದಾನೋ, ಫೋನಾದರೂ ಹತ್ತುತ್ತದೋ ಇಲ್ಲವೋ. ಕಾಂತಾ ಒಂದು ಲೋಟ ನೀರು ತಂದು ಕೊಟ್ಟಳು. ಸಪ್ನಾ ಅದನ್ನು ಹಿಡಿದುಕೊಂಡಳು, ಕುಡಿಯಲಿಲ್ಲ.

ಫೋನು ಬಡಿದುಕೊಂಡಾಗ ಅವಳು ಅದನ್ನು ಬೀಳಿಸಿದಳು. ಶಿವಲಿಂಗ ಎತ್ತಿಕೊಟ್ಟ. ಗುರುತಿಲ್ಲದ ಸಂಖ್ಯೆ, ಹೊರದೇಶದ್ದು. ಅವರೇ ಇರಬೇಕು ಎಂದುಕೊಂಡಳು. ಟಿವಿಯಲ್ಲಿ ಹೇಳಿದ್ದರು, ಆಮೇಲೆ ಮನೆಗೆ ಫೋನು ಮಾಡಿ ಬೆದರಿಸುತ್ತಾರೆಂದು. ಅವಳ ಕೈ ಮುಂದೆ ಹೋಗಲಿಲ್ಲ. ಕಾಂತಾಳೇ ಗುಂಡಿ ಒತ್ತಿ, ಎಲ್ಲರಿಗೂ ಕೇಳುವಂತೆ ಮಾಡಿದಳು.

“ಅಕ್ಕಾ,” ಎಂದಿತು ಆಚೆಯ ದನಿ.

ಸಪ್ನಾ ಫೋನನ್ನು ಎರಡೂ ಕೈಯಲ್ಲಿ ಬಾಚಿ ಹಿಡಿದಳು.

“ಅಕ್ಕಾ, ನಾ ಪೊಲೀಸ್ ಠಾಣ್ಯಾಗ ಅದೀನಿ. ಟಾಕ್ ಅಂತ ಊರ ಹೆಸರು. ಅವರು ಹೋದ್ರು. ನಾ ಇಲ್ಲೇ ಅದೀನಿ.”

ಹೇಗೆ ತಪ್ಪಿಸಿಕೊಂಡೆನೆಂದು ತ್ರಿವೇಣಿಯೇ ತುಂಡು ತುಂಡಾಗಿ ಹೇಳಿದಳು. ಹೊಟ್ಟೆನೋವೆಂದು ನರಳಿದ್ದಕ್ಕೆ ಬಂಕಿನಲ್ಲಿ ಕಾರು ನಿಲ್ಲಿಸಿ ಅವನೇ ಹೊರಗಿನಿಂದ ಬಾಗಿಲು ತೆಗೆದನಂತೆ. ಇಳಿಯುವ ಮೊದಲು ಕೈ ಚಾಚಿ ಫೋನು ಇಸಿದುಕೊಂಡು ತನ್ನ ಚೀಲಕ್ಕೆ ಹಾಕಿಕೊಂಡನಂತೆ. ಶೌಚಾಲಯದ ತನಕ ಹಿಂದೆಯೇ ಬಂದು ಹೊರಗೆ ನಿಂತನಂತೆ. ಒಳಗೆ ಇನ್ನೊಂದು ಬಾಗಿಲಿತ್ತು, ಅಂಗಡಿಯ ಹಿಂದಿನ ಕೋಣೆಗೆ ಹೋಗುವಂಥದ್ದು. ಅಲ್ಲಿದ್ದ ಅಂಗಡಿಯ ಹೆಂಗಸಿನ ಕಾಲು ಹಿಡಿದು ಕೂತುಬಿಟ್ಟೆ ಎಂದಳು. ಅವಳಿಗೆ ಇವಳ ಯಾವ ಮಾತೂ ತಿಳಿಯಲಿಲ್ಲ. ಆದರೆ ಹೊರಗೆ ಆ ಗಂಡಸು ಬಾಗಿಲು ಬಡಿಯುತ್ತಿದ್ದದ್ದು ತಿಳಿಯಿತು. ಇವಳನ್ನು ನೀರಿನ ಬಾಟಲಿಗಳ ರಟ್ಟಿನ ಪೆಟ್ಟಿಗೆಗಳ ಹಿಂದೆ ಕೂರಿಸಿ, ಮೇಲೆ ಇನ್ನೆರಡು ಪೆಟ್ಟಿಗೆ ಒಟ್ಟಿ, ತಾನು ಹೊರಗೆ ಹೋದಳು. ಆ ಗಂಡಸು, ಕಾರಿನ ಚಾಲಕ ಇಬ್ಬರೂ ಅಂಗಡಿಯೊಳಗೆ ಬಂದು ಹುಡುಕಿದರು. ಪೆಟ್ಟಿಗೆಗಳ ಸಂದಿಯಿಂದ ತ್ರಿವೇಣಿಗೆ ಆ ಗಂಡಸಿನ ಬೂಟುಗಳು ಕಂಡವು. ಬಾಯಿಗೆ ದುಪಟ್ಟಾ ತುರುಕಿಕೊಂಡು ಕೂತಿದ್ದಳು. ಆ ಹೆಂಗಸು ಜೋರುಜೋರಾಗಿ ಏನೋ ಅಂದಳು, ಬೇರೆ ಗಿರಾಕಿಗಳು ಸೇರಿದರು, ಆ ಇಬ್ಬರೂ ಹೊರಟುಹೋದರು. ಅಂಗಡಿಯವಳು ಕರೆಸಿದ ಪೊಲೀಸರು ಬರುವ ತನಕ ತ್ರಿವೇಣಿ ಪೆಟ್ಟಿಗೆಗಳ ಹಿಂದಿನಿಂದ ಹೊರಬರಲಿಲ್ಲ. ಅವರು ಬಂದ ಮೇಲೂ, ಇವರೂ ಆ ಗಂಡಸಿನ ಕಡೆಯವರೇ ಇರಬಹುದೆಂದು ಬಹಳ ಹೊತ್ತು ಬಾಯಿ ಬಿಡಲಿಲ್ಲ.

ಸಪ್ನಾ ಅಳುತ್ತಿದ್ದಳು. ಶಿವಲಿಂಗನೂ ಅಳುತ್ತಿದ್ದ. ಕಾಶೀಬಾಯಿ ಮಾತ್ರ ಫೋನಿನ ಹತ್ತಿರ ಬಾಗಿದ್ದಳು, ಇನ್ನೊಂದು ದನಿಗಾಗಿ ಕಾಯುತ್ತ.

“ಮುಕ್ತಾ ಎಲ್ಲಿ?” ಎಂದು ಕೇಳಿದಳು ಸಪ್ನಾ.

ಆಚೆ ಪೊಲೀಸರು ತಮ್ಮ ಭಾಷೆಯಲ್ಲಿ ಏನೋ ಮಾತಾಡುವುದು ಕೇಳಿಸಿತು.

“ತ್ರಿವೇಣಿ, ಮುಕ್ತಾ ಎಲ್ಲೆದಾಳ?”

“ಗಾಡ್ಯಾಗ,” ಎಂದಳು ತ್ರಿವೇಣಿ.

ಕಾಶೀಬಾಯಿ ನೆಲದ ಮೇಲೆ ಕುಸಿದು ಕೂತಳು. ಆಚೆ ಬೆಂಚಿನ ಮೇಲಿದ್ದ ಆಶಿಶ್ ಎರಡೂ ಕೈಯಿಂದ ಮುಖ ಮುಚ್ಚಿಕೊಂಡ.

ತ್ರಿವೇಣಿ ಕೆಲವು ದಿನಗಳಲ್ಲಿ ಊರಿಗೆ ಬಂದಳು. ಬ್ಯಾಂಕಾಕಿನಿಂದ ಮುಂಬೈಗೆ ವಿಮಾನ ಹೊರಟ ದಿನ ಸಪ್ನಾ ಆ್ಯಪ್ ನೋಡಲಿಲ್ಲ. ವಿಮಾನ ಬೀಳುವ ಭಯ ಅವಳಲ್ಲಿ ಹುಡುಕಿದರೂ ಸಿಗಲಿಲ್ಲ. ಅದರ ಜಾಗದಲ್ಲಿ ಈಗ ಬೇರೆ ಭಯ ಕೂತಿತ್ತು. ಶಿವಲಿಂಗ ಚಾರ್ಜಿನ ಮಾತನ್ನು ಮತ್ತೆಂದೂ ಎತ್ತಲಿಲ್ಲ. ತ್ರಿವೇಣಿ ಮನೆಯಲ್ಲಿ ಯಾವ ಕೋಣೆಯಲ್ಲಿ ಕೂತರೂ ಬಾಗಿಲು ತೆರೆದಿಡುತ್ತಿದ್ದಳು, ಬಚ್ಚಲ ಬಾಗಿಲಿಗೂ ಅಗುಳಿ ಹಾಕುತ್ತಿರಲಿಲ್ಲ. ಬಸ್ಸು ಹತ್ತಿದರೆ ಪ್ರತಿ ನಿಲ್ದಾಣದಲ್ಲೂ ಎದ್ದು ನಿಂತು ಊರಿನ ಹೆಸರು ಓದುತ್ತಿದ್ದಳು.

ಆಶಿಶ್‌ನ ಮೇಲೆ ಪ್ರಕರಣ ನಡೆಯಿತು. ಅವನು ತನಗೆ ಗೊತ್ತಿದ್ದದ್ದನ್ನೆಲ್ಲ ಹೇಳಿದ. ಅವನಿಗೆ ಗೊತ್ತಿದ್ದದ್ದು ಬಹಳ ಕಡಿಮೆ. ಮುಕ್ತಾಳಿಂದ ಎರಡು ಸಲ ಫೋನು ಬಂತಂತೆ. ಚೆನ್ನಾಗಿದ್ದೇನೆ ಎಂದಷ್ಟೇ ಹೇಳಿದಳಂತೆ. ಆ ದನಿ ಕೇಳಿ ಅವಳ ತಂದೆ ಅನ್ನ ಬಿಟ್ಟನೆಂದು ಕಾಶೀಬಾಯಿ ಹೇಳಿದಳು.

ಮಳೆಗಾಲ ಮುಗಿದು, ದೀಪಾವಳಿಗೆ ಸ್ವಲ್ಪ ಮುಂಚೆ, ಸರ್ಕಾರದವರು ಅಲ್ಲಿಂದ ಬಿಡಿಸಿ ತಂದ ಮಂದಿಯಲ್ಲಿ ಮುಕ್ತಾಳೂ ಇದ್ದಳು. ಸುದ್ದಿ ತಿಳಿದು ಅಕ್ಕತಂಗಿಯರು ಶಹಾಪುರಕ್ಕೆ ಹೋದರು. ಹೋಗುವುದು ಬೇಡವೆಂದು ತ್ರಿವೇಣಿ ಬಾಗಿಲಲ್ಲಿ ಎರಡು ಸಲ ಚಪ್ಪಲಿ ಬಿಟ್ಟಿದ್ದಳು. ಸಪ್ನಾಳೇ ಕೈ ಹಿಡಿದು ಕರೆತಂದಳು.

ಮುಕ್ತಾ ಕಾಶೀಬಾಯಿಯ ಮನೆಯ ಒಳಕೋಣೆಯಲ್ಲಿ ಗೋಡೆಗೆ ಬೆನ್ನು ಕೊಟ್ಟು ಕೂತಿದ್ದಳು. ಕೂದಲು ಗಿಡ್ಡವಾಗಿ ಕತ್ತರಿಸಿತ್ತು. ಕಾಶೀಬಾಯಿ ಚಹಾ ಕೊಟ್ಟಳು. ಸಪ್ನಾ ದಾರಿಯಲ್ಲಿ ಬಸ್ಸು ತಡವಾದ ಮಾತು ಎತ್ತಿದಳು, ಅದೂ ಮುಗಿಯಿತು. ತ್ರಿವೇಣಿ ಲೋಟ ಕೆಳಗಿಟ್ಟು, ಬಂಕಿನಲ್ಲಿ ನಾನು ನಿನ್ನನ್ನು ಎಬ್ಬಿಸಿದೆ, ಬಾ ಎಂದು ಕರೆದೆ, ನೀನು ಒಲ್ಲೆನೆಂದೆ ಎಂದು ಮೆಲ್ಲಗೆ ಹೇಳಿದಳು.

ಮುಕ್ತಾ ಅವಳನ್ನು ನೋಡಿದಳು. ಕಣ್ಣಲ್ಲಿ ಸಿಟ್ಟಿರಲಿಲ್ಲ.

“ಬಾತ್‌ರೂಮಿಗೆ ಬಾ ಅಂದಿ ನೀ,” ಎಂದಳು. “ನನಗ ಹೋಗೂದಿರಲಿಲ್ಲ. ನಾ ಅದನ್ನ ಹೇಳಿದ್ನಿ.”

“ಅಂವಾ ಬಾಜೂಕ ನಿಂತಿದ್ದ.”

“ಅಂವಗ ಕನ್ನಡ ಎಲ್ಲಿ ಬರ್ತಿತ್ತು?”

ಹೊರಗೆ ಯಾರೋ ಮಗ್ಗ ಹಚ್ಚಿದರು. ಆ ಸದ್ದಿಗೆ ಮುಕ್ತಾ ಬೆಚ್ಚಿ, ಎರಡೂ ಕೈ ತಲೆಯ ಮೇಲೆ ಇಟ್ಟುಕೊಂಡು ಗೋಡೆಯ ಮೂಲೆಗೆ ಸರಿದಳು. ಕಾಶೀಬಾಯಿ ಎದ್ದು ಹೊರಗೆ ಓಡಿದಳು. ಮಗ್ಗ ನಿಂತಿತು. ಮುಕ್ತಾ ಬಹಳ ಹೊತ್ತು ಕೈ ಕೆಳಗಿಳಿಸಲಿಲ್ಲ.

ತ್ರಿವೇಣಿ ಎದ್ದು ಹೋಗಿ ಅವಳ ಪಕ್ಕದಲ್ಲಿ, ಅದೇ ಗೋಡೆಗೆ ಬೆನ್ನು ಕೊಟ್ಟು, ಸ್ವಲ್ಪ ಅಂತರ ಬಿಟ್ಟು ಕೂತಳು. ಮುಕ್ತಾ ದೂರ ಸರಿಯಲಿಲ್ಲ, ಹತ್ತಿರವೂ ಬರಲಿಲ್ಲ. ಖಾನಾಪುರದ ಬಸ್ಸಿಗೆ ಹೊತ್ತಾಯಿತೆಂದು ಸಪ್ನಾ ಎರಡು ಸಲ ನೆನಪಿಸಿದಳು. ಮೂರನೆಯ ಸಲ ನೆನಪಿಸಲಿಲ್ಲ. ತಾನೂ ಹೊಸ್ತಿಲ ಹತ್ತಿರ ಕೂತಳು.